ಮಾತಾಡದೆ ತಂದ ಮದ್ದು

ಗುರುವಾರ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಹೊತ್ತು ಇಷ್ಟು ನಿಖರವಾಗಿ ನೆನಪಿರುವುದಕ್ಕೆ ನನ್ನ ಜಾಗರೂಕತೆ ಕಾರಣ ಅಲ್ಲ, ಏಳೂ ಇಪ್ಪತ್ತೈದರ ಬಸ್ಸು ಕಾರಣ. ಬುತ್ತಿ ತುಂಬಿಸಿ ಕೋಡಿಂಬಾಳದ ಸ್ಟಾಪಿಗೆ ಓಡಲು ಇನ್ನು ಹದಿನೈದು ನಿಮಿಷ ಉಂಟು ಎಂದು ಗಡಿಯಾರ ನೋಡುತ್ತಿದ್ದೆ. ನಾಲ್ಕು ದಿನದಿಂದ ಜ್ವರದಲ್ಲಿ ಮಲಗಿದ್ದ ಗಂಡ ಎದ್ದು, ಕನ್ನಡಿಯ ಮುಂದೆ ನಿಂತು, ಕಣ್ಣಿನ ಕೆಳರೆಪ್ಪೆಯನ್ನು ಎಳೆದು ಹಿಡಿದು, "ಇಲ್ಲಿ ಬಾ ಮಾರಾಯ್ತಿ, ಇದೆಂತ ಹೀಗೆ?" ಎಂದರು.

ಬಿಳಿ ಇರಬೇಕಾದಲ್ಲಿ ಅರಶಿನ ಕದಡಿದ ಹಾಗೆ ಇತ್ತು. ಅದರ ಮೇಲೆ ಕೆಂಪು ಗೆರೆಗಳು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಯಕೃತ್ತಿನ ಚಿತ್ರವನ್ನು ಬಣ್ಣದ ಚಾಕಿನಲ್ಲಿ ಪುಸ್ತಕ ನೋಡದೆ ಬಿಡಿಸುತ್ತೇನೆ. ದೇಹದ ಅತಿ ದೊಡ್ಡ ಗ್ರಂಥಿ ಯಾವುದು ಎಂಬ ಒಂದು ಅಂಕದ ಪ್ರಶ್ನೆಗೆ ನನ್ನ ತರಗತಿಯ ಕೊನೆಯ ಬೆಂಚು ಕೂಡ ತಪ್ಪು ಉತ್ತರ ಬರೆದದ್ದಿಲ್ಲ. ಇಷ್ಟು ಕಲಿತವಳು ಹಳದಿ ಕಣ್ಣು ಕಂಡ ಕೂಡಲೇ ಏನು ಮಾಡಬೇಕು? ಅತ್ತೆಯನ್ನು ಕರೆಯಬೇಕು. ಕರೆದೆ.

ಇನ್ನೊಂದು ಸಂಗತಿಯನ್ನೂ ಹೇಳಿಬಿಡುತ್ತೇನೆ. ಇವರು ಪಂಪ್ ರಿಪೇರಿ ಮಾಡುವವರು. ಮಳೆಗಾಲ ಮುಗಿದು ತೋಟಗಳಿಗೆ ನೀರು ಬಿಡುವ ಹೊತ್ತಿಗೆ ಕಡಬದ ಸುತ್ತ ಇವರಿಗೆ ಇರುವಷ್ಟು ಬೇಡಿಕೆ ಮಂತ್ರಿಗಳಿಗೂ ಇಲ್ಲ. ಇಲಿಗಳು ಈಜಿದ ಹೊಂಡದಲ್ಲಿ ಸೊಂಟದ ತನಕ ಇಳಿದು, ಪೈಪಿನ ತಳದ ಫುಟ್‌ವಾಲ್ವ್ ಬಿಚ್ಚುತ್ತಾರೆ. ಮೇಲೆ ಹತ್ತಿದ ನೀರು ಹಿಂದೆ ಇಳಿಯದ ಹಾಗೆ ತಡೆಯುವ ಬಾಗಿಲು ಅದು. ಆ ವರ್ಷ ಇವರ ಹಿಮ್ಮಡಿಯಲ್ಲಿ ಒಂದು ಬಿರುಕು ಬಿಟ್ಟಿತ್ತು. ಜ್ವರ, ಮೀನಖಂಡದ ನೋವು, ಕೆಂಪು ಕಣ್ಣು. ಈ ಮೂರನ್ನೂ ಚಿತ್ರ ಸಮೇತ ತೋರಿಸುವ ಇಲಿಜ್ವರದ ಪೋಸ್ಟರ್ ನಮ್ಮ ಶಾಲೆಯ ನೋಟಿಸ್ ಬೋರ್ಡಿನಲ್ಲಿ ಉಂಟು. ಅದಕ್ಕೆ ನಾಲ್ಕು ಮೂಲೆಗೂ ಪಿನ್ನು ಚುಚ್ಚಿದವಳು ನಾನೇ.

ಅತ್ತೆ ಮಗನ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದರು. "ಕಾಮಾಲೆ. ಇದಕ್ಕೆ ಇಂಗ್ಲಿಷ್ ಮದ್ದು ಇಲ್ಲ. ಜಾಲ್ಸೂರಿನ ಆಚೆ ಒಬ್ಬರು ಅಜ್ಜಿ ಕೊಡುದುಂಟು. ನನ್ನ ತಮ್ಮನಿಗೆ ಅಲ್ಲಿಯದ್ದರಿಂದಲೇ ಗುಣ ಆದದ್ದು."

"ಒಮ್ಮೆ ರಕ್ತ ಪರೀಕ್ಷೆ ಮಾಡಿಸುವ ಅತ್ತೆ," ಎಂದೆ. ಹೇಳಿದ್ದು ನಿಜ. ಎರಡನೆಯ ಸಲ ಹೇಳಲಿಲ್ಲ ಎಂಬುದೂ ನಿಜ.

"ಪರೀಕ್ಷೆ ಮಾಡಿಸಿ ಎಂತ ಗೊತ್ತಾಗುದು? ಹಳದಿ ಅಂತ. ಅದು ನನಗೆ ಇಲ್ಲಿಂದಲೇ ಕಾಣ್ತಾ ಉಂಟು."

ಆ ವಾದದಲ್ಲಿ ತಪ್ಪು ಹುಡುಕಲು ನನ್ನ ಬಳಿ ಹತ್ತು ನಿಮಿಷ ಉಳಿದಿತ್ತು. ಸಿಗಲಿಲ್ಲ. ಶಾಲೆಗೆ ಫೋನು ಮಾಡಿ ರಜೆ ಹೇಳಿ ಅದೇ ಬಸ್ಸು ಹತ್ತಿದೆ.

ಮದ್ದಿಗೆ ಕೆಲವು ನಿಯಮ ಇದ್ದವು. ತರುವವಳು ಮನೆಯ ಹೆಂಗಸೇ ಆಗಬೇಕು. ಪೊಟ್ಟಣ ಕೈಗೆ ಬಂದಲ್ಲಿಂದ ರೋಗಿಯ ಬಾಯಿಗೆ ಮೊದಲ ಉಂಡೆ ಬೀಳುವ ತನಕ ಅವಳು ಯಾರ ಜೊತೆಗೂ ಒಂದು ಮಾತೂ ಆಡಬಾರದು. ಮದ್ದು ಎಲ್ಲಿಯದು, ಯಾರು ಕೊಟ್ಟದ್ದು ಎಂದು ರೋಗಿಗೆ ಪೂರ್ತಿ ಗುಣ ಆಗುವ ತನಕ ಯಾರಿಗೂ ಹೇಳಬಾರದು. ಹೇಳಿದರೆ ಮದ್ದು ಹಿಡಿಯುವುದಿಲ್ಲ. ಅಜ್ಜಿ ಒಳ್ಳೆಯವರು. ದಕ್ಷಿಣೆಯನ್ನೂ ಮುಟ್ಟಲಿಲ್ಲ. ಬಾಳೆಲೆಯಲ್ಲಿ ನಾಲ್ಕು ಹಸುರು ಉಂಡೆ ಕಟ್ಟಿ ಕೊಟ್ಟು, ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ಬೀಳ್ಕೊಟ್ಟರು.

ವಾಪಸು ಬರುವಾಗ ಸಿಕ್ಕಿದ್ದು ಕಾಸರಗೋಡಿನಿಂದ ಸುಳ್ಯಕ್ಕೆ ಹೋಗುವ ಬಸ್ಸು. ಕಂಡಕ್ಟರ್ ಮಲಯಾಳದಲ್ಲಿ ಎಲ್ಲಿಗೆ ಎಂದು ಕೇಳಿದ. ನಾನು ನೋಟು ಚಾಚಿದೆ. ಕನ್ನಡದಲ್ಲಿ ಕೇಳಿದ. ಮುಂದೆ ಕೈ ತೋರಿಸಿದೆ. "ಓಡೆಗ್?" ಎಂದು ತುಳುವಿನಲ್ಲಿಯೂ ಕೇಳಿ ಸೋತು, ಬಸ್ಸು ಹೋಗುವ ಕೊನೆಯ ಊರಿಗೇ ಟಿಕೇಟು ಹರಿದ. ಪಕ್ಕದ ಹೆಂಗಸು ಅವನಿಗೆ ಹೇಳಿದಳು: "ಪಾಪ, ಮಾತು ಬರುದಿಲ್ಲ ಕಾಣ್ತದೆ. ನೋಡಿದರೆ ಒಳ್ಳೆ ಟೀಚರ ಹಾಗೆ ಇದ್ದಾರೆ."

ಸುಳ್ಯದ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿ ಒಬ್ಬಳು, "ಟೀಚರ್, ಆರಾಮಾ?" ಎಂದು ಓಡಿ ಬಂದಳು. ನಾನು ಮುಖ ತಿರುಗಿಸಿದೆ. ಮೂಢನಂಬಿಕೆಗಳ ಬಗ್ಗೆ ಪ್ರಬಂಧ ಬರೆದು ಅವಳು ಬಹುಮಾನ ತೆಗೆದುಕೊಂಡಿದ್ದಳು. ಅದನ್ನು ತಿದ್ದಿ ಕೊಟ್ಟವಳು ಯಾರು ಎಂದು ಬೇರೆ ಹೇಳಬೇಕಾಗಿಲ್ಲ.

ಅಲ್ಲಿಂದ ಮೂರು ದಿನ ಪಥ್ಯ. ಉಪ್ಪಿಲ್ಲ, ಹುಳಿಯಿಲ್ಲ, ಒಗ್ಗರಣೆಯಿಲ್ಲ, ಇಂಗ್ಲಿಷ್ ಮದ್ದಂತೂ ಇಲ್ಲವೇ ಇಲ್ಲ. ಜ್ವರದ ಮಾತ್ರೆ ಕೂಡ ನಿಂತಿತು. ದಿನಕ್ಕೊಂದು ಉಂಡೆ, ಸಪ್ಪೆ ಗಂಜಿ. ಇವರು ಸುಸ್ತಾಗುತ್ತಾ ಹೋದರು. ಮೂತ್ರ ಕಡಿಮೆಯಾಯಿತು, ಉಸಿರು ಜೋರಾಯಿತು.

"ಮದ್ದು ಹಿಡಿತಾ ಉಂಟು," ಎಂದರು ಅತ್ತೆ. "ಹಿಡಿಯುವಾಗ ಹಾಗೆಯೇ."

ಗುಣ ಕಂಡರೆ ಮದ್ದು ಹಿಡಿದದ್ದು, ಹೆಚ್ಚಾದರೆ ಹಿಡಿಯುತ್ತಿರುವುದು. ಇಷ್ಟು ಭದ್ರವಾದ ಸಿದ್ಧಾಂತ ನಮ್ಮ ಪಠ್ಯದಲ್ಲಿ ಒಂದೂ ಇಲ್ಲ.

ಭಾನುವಾರ ಬೆಳಿಗ್ಗೆ ನಾಲ್ಕನೆಯ ಉಂಡೆ ಕೊಡಲು ತಲೆ ಎತ್ತಿ ಹಿಡಿದರೆ ಇವರ ಕೈಕಾಲು ಐಸಿನ ಹಾಗೆ. ನನ್ನನ್ನೇ ನೋಡಿ, ಬಹಳ ಮರ್ಯಾದೆಯಿಂದ, "ನೀವು ಯಾವ ಮನೆಯವರು? ಫುಟ್‌ವಾಲ್ವ್ ಲೀಕ್ ಉಂಟು, ನಾಳೆ ಬರ್ತೇನೆ," ಎಂದರು. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ನನಗೆ ಬಹುವಚನ ಸಿಕ್ಕಿದ್ದು ಅದೇ ಮೊದಲು. ಉಂಡೆಯನ್ನು ಬಾಳೆಲೆಗೆ ಹಾಕಿ ಪಕ್ಕದ ಮನೆಗೆ ಓಡಿದೆ. ಅವರ ಓಮ್ನಿಯಲ್ಲಿ ಪುತ್ತೂರು ತಲುಪುವಾಗ ಇವರು ಯಾವ ಮನೆಯನ್ನೂ ಕೇಳುತ್ತಿರಲಿಲ್ಲ.

ಖಾಸಗಿ ಆಸ್ಪತ್ರೆಯ ಐಸಿಯುವಿನಲ್ಲಿ ಬಿಪಿ ಹಿಡಿಯಲು ಎರಡು ಸಲ ಪಟ್ಟಿ ಕಟ್ಟಿದರು, ಯಂತ್ರ ಹಾಳಾಗಿದೆಯೋ ಎಂದು. ಯಂತ್ರ ಸರಿ ಇತ್ತು. ರಕ್ತ, ಮೂತ್ರ, ಎದೆಯ ಚಿತ್ರ ಎಲ್ಲ ಆಯಿತು. ಡಾಕ್ಟರು ಗುತ್ತಿಗಾರಿನ ಕಡೆಯವರು, ಸ್ವರ ಏರಿಸದೆ ಮಾತಾಡುವ ಮನುಷ್ಯ. ಹೊರಗೆ ಬಂದು ಕೇಳಿದರು: "ಇಲಿಜ್ವರ ಅಂತ ಕಾಣ್ತದೆ. ಸೋಂಕು ಮೈಯೆಲ್ಲ ಏರಿದೆ. ನಡುವೆ ಬೇರೆ ಎಂತಾದ್ರೂ ಕೊಟ್ಟಿದ್ದೀರಾ? ನಾಟಿ ಮದ್ದು, ಕಷಾಯ?"

ಅತ್ತೆ ಹಿಂದಿನಿಂದ ನನ್ನ ಮೊಣಕೈ ಹಿಡಿದರು. ಗಟ್ಟಿಯಾಗಿ ಏನಲ್ಲ.

"ಇಲ್ಲ," ಎಂದೆ.

ಆ ಎರಡಕ್ಷರವನ್ನು ನಾನು ಎಷ್ಟು ಸಲ ಕೇಳಿಸಿಕೊಂಡಿದ್ದೇನೆ ಎಂದು ಲೆಕ್ಕ ಇಟ್ಟಿಲ್ಲ. ಮದ್ದಿನಲ್ಲಿ ನನಗೆ ನಂಬಿಕೆ ಇತ್ತೇ? ಇರಲಿಲ್ಲ. ಆದರೆ ಹೇಳಿದರೆ ಹಿಡಿಯುವುದಿಲ್ಲ ಎಂಬ ಮಾತಿನಲ್ಲಿ ಒಂದು ಕೂದಲಿನಷ್ಟು ನಂಬಿಕೆ ಇತ್ತು. ಇವರು ಒಳಗೆ ಆ ಸ್ಥಿತಿಯಲ್ಲಿ ಮಲಗಿರುವಾಗ ಆ ಕೂದಲನ್ನು ಕಡಿಯುವವಳು ನಾನಾಗಬಾರದು. ಬಿಎಸ್ಸಿ, ಬಿಎಡ್.

ಸೋಮವಾರ ಬಿಪಿ ಸ್ವಲ್ಪ ಮೇಲೆ ಬಂತು. ನಂಟರು ಬಂದು ಐಸಿಯುವಿನ ಹೊರಗೆ ಬೆಂಚು ಹಿಡಿದು, ಯಾರ ಯಾರ ಕಡೆಯವರು ಇದೇ ರೋಗದಲ್ಲಿ ತೀರಿಕೊಂಡರು ಎಂದು ಹೇಳಿ ನನಗೆ ಧೈರ್ಯ ತುಂಬಿದರು. ಆದರೆ ಜ್ವರ ಇಳಿದರೂ, ಬಿಪಿ ಒಂದು ಹದಕ್ಕೆ ಬಂದರೂ, ಲಿವರಿನ ಸಂಖ್ಯೆಗಳು ಏರುತ್ತಲೇ ಇದ್ದವು. ಹೊಟ್ಟೆ ಉಬ್ಬಿತು. ಕಿವಿಗೊಟ್ಟರೆ ಕರುಳಿನ ಸದ್ದೇ ಇಲ್ಲ. ಮೂಗಿನ ಟ್ಯೂಬಿನಲ್ಲಿ ಕಾಫಿ ಚರಟದ ಬಣ್ಣದ ನೀರು ಬಂತು.

ಮಂಗಳವಾರ ಬೆಳಿಗ್ಗೆ ಡಾಕ್ಟರು ಮತ್ತೆ ಹೊರಗೆ ಬಂದರು. "ಸೋಂಕು ಇಳಿಯುವಾಗ ಲಿವರ್ ಇಷ್ಟು ಏರುದು ಯಾಕೆ ಅಂತ ನೋಡ್ತಾ ಇದ್ದೇನೆ. ಬೇರೆ ಕಾರಣ ಉಂಟಾ ಅಂತ ಇನ್ನೂ ಕೆಲವು ಪರೀಕ್ಷೆ ಬರೆದಿದ್ದೇನೆ. ಸಂಜೆಯೊಳಗೆ ಮಂಗಳೂರಿಗೆ ಕಳಿಸಬೇಕಾಗಬಹುದು. ದಾರಿಯಲ್ಲಿ ಅಪಾಯ ಉಂಟು, ಅದನ್ನೂ ಹೇಳಿಬಿಡ್ತೇನೆ."

ಅವರು ಹುಡುಕುತ್ತಿದ್ದ ಬೇರೆ ಕಾರಣ ಎದುರಿನಲ್ಲೇ ಕಾಟನ್ ಸೀರೆ ಉಟ್ಟು ನಿಂತಿತ್ತು.

ಅವರು ಒಳಗೆ ಹೋದ ಮೇಲೆ ಅತ್ತೆ ನನ್ನನ್ನು ಮೆಟ್ಟಿಲ ಹತ್ತಿರ ಕರೆದರು. ಬ್ಯಾಗಿನಿಂದ ಬಾಡಿದ ಬಾಳೆಲೆಯ ಪೊಟ್ಟಣ ತೆಗೆದರು. ನಾಲ್ಕನೆಯ ಉಂಡೆ.

"ಹನ್ನೊಂದು ಗಂಟೆಗೆ ಒಳಗೆ ಬಿಡ್ತಾರಲ್ಲ. ಇದನ್ನು ಅವನ ತುಟಿಗೆ ಹಚ್ಚು. ನುಂಗದಿದ್ದರೂ ಅಡ್ಡಿ ಇಲ್ಲ, ನಾಲಿಗೆಗೆ ತಾಗಿದರೆ ಸಾಕು. ನಾಲ್ಕು ಅಂದರೆ ನಾಲ್ಕು ಆಗ್ಬೇಕು. ಒಂದು ತಪ್ಪಿದ್ದಕ್ಕೇ ಹೀಗಾದದ್ದು."

"ಅತ್ತೆ..."

"ನನ್ನನ್ನು ಒಳಗೆ ಬಿಡುದಿಲ್ಲ ಮಗಾ. ನಿನ್ನನ್ನು ಮಾತ್ರ." ಒಂದೇ ಮಗ. ಅವರೂ ಎರಡು ದಿನದಿಂದ ಒಂದು ಗುಟುಕು ಚಹಾದಲ್ಲಿ ಇದ್ದರು. ಈ ಮಾತನ್ನು ವ್ಯಂಗ್ಯ ಇಲ್ಲದೆ ಬರೆಯುತ್ತಿದ್ದೇನೆ.

ಹನ್ನೊಂದು ಗಂಟೆಗೆ ಹಸುರು ಗೌನು ತೊಡಿಸಿ ಒಳಗೆ ಬಿಟ್ಟರು. ಇವರ ತುಟಿ ಒಣಗಿ ಬಿರಿದಿತ್ತು. ಮುಖ ಮಾವಿನ ಹಣ್ಣಿನ ಬಣ್ಣ. ಪೊಟ್ಟಣ ನನ್ನ ಮುಷ್ಟಿಯಲ್ಲಿತ್ತು. ಯಾರೂ ನೋಡುತ್ತಿರಲಿಲ್ಲ. ಹಚ್ಚಲು ಎರಡು ಸೆಕೆಂಡು ಸಾಕು. ನಿಂತೇ ಇದ್ದೆ. ಇವರ ತುಟಿ ಅಲುಗಿತು. ಮಾತೇನೂ ಬರಲಿಲ್ಲ. ನಾನು ತಿರುಗಿ ಡಾಕ್ಟರ ಮೇಜಿನ ಹತ್ತಿರ ಹೋಗಿ ಪೊಟ್ಟಣವನ್ನು ಬಿಚ್ಚಿ ಇಟ್ಟೆ.

"ಇಂಥ ಮೂರು ಕೊಟ್ಟಿದ್ದೇವೆ. ಗುರುವಾರದಿಂದ ಶನಿವಾರ. ನಾನು ಇಲ್ಲ ಅಂದದ್ದು ಸುಳ್ಳು."

ಅವರು ಉಂಡೆಯನ್ನು ಮೂಸಿ, ಪೆನ್ನಿನ ತುದಿಯಿಂದ ಬಿಡಿಸಿದರು. "ಇದು ನೆಲನೆಲ್ಲಿ. ಇದರೊಟ್ಟಿಗೆ ಇನ್ನೊಂದು ಸೊಪ್ಪು ಉಂಟು. ಅದು ನನಗೆ ಗೊತ್ತಿಲ್ಲ." ಪೆನ್ನಿನ ತುದಿ ಒರೆಸುತ್ತಾ, "ನೀವು ಟೀಚರ್ ಅಲ್ವಾ? ಎಂತ ಸಬ್ಜೆಕ್ಟು?"

ಕನ್ನಡ ಎನ್ನಬೇಕೆಂದು ನಾಲಿಗೆಯ ತುದಿಗೆ ಬಂತು. "ವಿಜ್ಞಾನ."

ಅವರು ತಲೆಯಾಡಿಸಿದರು. ಬೈಯಲಿಲ್ಲ. ಬೈದಿದ್ದರೆ ನನಗೆ ಅರ್ಧ ಹಗುರ ಆಗುತ್ತಿತ್ತು.

"ಇದರಿಂದಲೇ ಲಿವರ್ ಹೀಗಾದದ್ದಾ ಡಾಕ್ಟ್ರೇ?"

"ಇದರದ್ದೂ ಪಾಲು ಇರಬಹುದು. ಇದು ಇಲ್ಲದಿದ್ದರೂ ಆಗುವ ಸಂಗತಿಯೇ. ಎಷ್ಟು ಪಾಲು ಅಂತ ಹೇಳಲಿಕ್ಕೆ ನನ್ನಿಂದ ಆಗುದಿಲ್ಲ. ಮೂರು ದಿನ ತಡ ಆದದ್ದು ಮಾತ್ರ ಪೂರ್ತಿ ಇದರದ್ದೇ."

ಆಮೇಲೆ ಅವರು, ನನ್ನ ತರಗತಿಯ ಕೊನೆಯ ಬೆಂಚಿಗೆ ಹೇಳುವ ಹಾಗೆ, ನಿಧಾನವಾಗಿ ವಿವರಿಸಿದರು. "ನಮ್ಮ ಗುತ್ತಿಗಾರಿನ ಕಡೆಗೆ ಆನೆ ಬರ್ತದಲ್ಲ. ಬಂದರೆ ಊರಿನವರು ಎಂತ ಮಾಡುದು? ಪಟಾಕಿ, ದೊಂದಿ, ಬೊಬ್ಬೆ. ಆನೆ ಹೋಗ್ತದೆ. ಅಷ್ಟರಲ್ಲಿ ಬೈಹುಲ್ಲಿಗೆ ಬೆಂಕಿ ಹಿಡಿದಿರ್ತದೆ. ಹಟ್ಟಿ ಹೋಗ್ತದೆ, ಬೇಲಿ ಹೋಗ್ತದೆ. ಬೇಲಿ ಇಲ್ಲ ಅಂತ ಹಂದಿ ಬರ್ತದೆ. ಹಂದಿ ಓಡಿಸಲಿಕ್ಕೆ ಮತ್ತೆ ಪಟಾಕಿ. ನಿಮ್ಮ ಯಜಮಾನರ ಒಳಗೆ ಈಗ ಅದೇ ಆಗ್ತಾ ಇರುದು. ಆನೆಯನ್ನು ನಮ್ಮ ಇಂಜೆಕ್ಷನ್ ಓಡಿಸಿತು. ಪಟಾಕಿ ನಿಂತಿಲ್ಲ."

ಆನೆ ಎಂದರೆ ಸೋಂಕು, ಪಟಾಕಿ ಎಂದರೆ ಅದನ್ನು ಓಡಿಸಲು ದೇಹವೇ ಎಬ್ಬಿಸಿದ ಉರಿ, ಬೇಲಿ ಎಂದರೆ ಕರುಳಿನ ಒಳಪದರ. ಬಿಪಿ ಬಿದ್ದಾಗ ದೇಹ ಹೃದಯಕ್ಕೂ ಮೆದುಳಿಗೂ ರಕ್ತ ಉಳಿಸಲು ಕರುಳಿನ ಪಾಲನ್ನು ಕಡಿಯುತ್ತದೆ. ಅದರ ಮೇಲೆ ರಕ್ತದಲ್ಲಿ ಓಡಾಡುವ ಉರಿಯ ರಾಸಾಯನಿಕಗಳು ಆ ಪದರವನ್ನು ಸಡಿಲ ಮಾಡುತ್ತವೆ. ಒಳಗೇ ಇರಬೇಕಾದ ಕ್ರಿಮಿ, ವಿಷ ಎಲ್ಲ ಸೋರಿ ನೇರ ಲಿವರಿಗೆ ಹೋಗುವ ರಕ್ತನಾಳ ಸೇರುತ್ತವೆ. ಲಿವರಿನ ಕಾವಲಿನ ಜೀವಕೋಶಗಳು ಗಾಬರಿಯಾಗಿ ಇನ್ನಷ್ಟು ಉರಿ ಎಬ್ಬಿಸುತ್ತವೆ. ಆ ಉರಿಯಲ್ಲಿ ಲಿವರೂ ಬೇಯುತ್ತದೆ, ಪಿತ್ತ ಹರಿಯದೆ ನಿಲ್ಲುತ್ತದೆ, ಕಣ್ಣು ಹಳದಿಯಾಗುತ್ತದೆ. ನಾವು ಮನೆಯಲ್ಲಿ ಯಾವ ಲಿವರಿಗೆ ಪಥ್ಯ ಮಾಡಿಸಿ ಬುದ್ಧಿ ಕಲಿಸುತ್ತಿದ್ದೆವೋ, ಅದು ಪಾಪ, ಬೆಂಕಿ ಬಿದ್ದ ಮನೆಯ ಪಕ್ಕದ ಮನೆ.

ಉರಿಯೂತವು ದೇಹದ ರಕ್ಷಣಾ ಕ್ರಮ. ಈ ವಾಕ್ಯದ ಕೆಳಗೆ ನಾನು ಪ್ರತಿ ವರ್ಷ ಮಕ್ಕಳಿಂದ ಗೆರೆ ಹಾಕಿಸುತ್ತೇನೆ. ರಕ್ಷಣೆ ಯಾವಾಗ ನಿಲ್ಲಿಸಬೇಕು ಎಂದು ಯಾವ ಮಗುವೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

"ಹಾಗಾದರೆ ಈಗ ಮಾಡುದು ಎಂತ ಡಾಕ್ಟ್ರೇ?"

"ಬೇಲಿ ಕಟ್ಟುದು. ಬಿಪಿ ಕಾಯುದು. ಕರುಳಿಗೆ ಚೂರು ಚೂರು ಆಹಾರ ಕೊಟ್ಟು ಎಬ್ಬಿಸುದು. ಲಿವರಿಗೆ ಭಾರ ಆಗುವ ಒಂದು ಮದ್ದನ್ನು ಈಗ ಬದಲಾಯಿಸ್ತೇನೆ, ನೀವು ಹೇಳಿದ್ದಕ್ಕೆ ಅಷ್ಟು ಉಪಕಾರ ಆಯ್ತು. ಮಂಗಳೂರು ಸದ್ಯಕ್ಕೆ ಬೇಡ. ಮತ್ತೆ," ಎಂದು ಬಾಳೆಲೆಯನ್ನು ಮಡಚುತ್ತಾ, "ಹೊರಗಿನಿಂದ ಯಾರೂ ಹೊಸ ಪಟಾಕಿ ತರದ ಹಾಗೆ ನೋಡಿಕೊಳ್ಳಿ."

ಹೊರಗೆ ಅತ್ತೆ ಕಾಯುತ್ತಿದ್ದರು. "ಹಚ್ಚಿದಿಯಾ?"

ಹೌದು ಎಂಬ ಹಾಗೆ ತಲೆಯಾಡಿಸಿದೆ. ಮಾತಾಡದೆ ಇರುವುದರಲ್ಲಿ ಅಷ್ಟು ಹೊತ್ತಿಗೆ ನನಗೆ ಒಳ್ಳೆಯ ಅಭ್ಯಾಸ ಆಗಿತ್ತು.

ಮುಂದಿನ ಮೂರು ದಿನ ನಾವೆಲ್ಲ ಒಂದು ಅಪಾನವಾಯುವಿಗಾಗಿ ಕಾದೆವು. ನಗಬೇಡಿ. ಮೂಗಿನ ಟ್ಯೂಬಿನಲ್ಲಿ ಗಂಟೆಗೆ ಎರಡು ಮೂರು ಚಮಚದಷ್ಟು ಗಂಜಿಯಂಥ ದ್ರವ ಇಳಿಸುತ್ತಿದ್ದರು. ಕೆಲವೊಮ್ಮೆ ಅದು ಹಾಗೇ ವಾಪಸು ಬರುತ್ತಿತ್ತು. ಕರುಳು ಎಚ್ಚರವಾಗಿದೆ ಎನ್ನಲು ಗಾಳಿ ಹೋಗಬೇಕು. ಇವರ ಚಿಕ್ಕಪ್ಪ, ಊರಿನ ದೊಡ್ಡ ಗೌರವಸ್ಥರು, ಬೆಳಿಗ್ಗೆ ಫೋನು ಮಾಡಿ ಗಂಟಲು ಸರಿ ಮಾಡಿಕೊಂಡು, "ಗಾಳಿಯ ವಿಷಯ ಎಂತಾಯ್ತು?" ಎಂದು ಕೇಳುತ್ತಿದ್ದರು, ಹವಾಮಾನ ಇಲಾಖೆಯ ಹತ್ತಿರ ಕೇಳುವ ಹಾಗೆ. ಶುಕ್ರವಾರ ಮಧ್ಯಾಹ್ನ ನರ್ಸು ಬಾಗಿಲು ಅರ್ಧ ತೆರೆದು, ಮಾಸ್ಕಿನೊಳಗೇ ನಗುತ್ತಾ, "ಟೀಚರೇ, ಹೋಯ್ತು," ಎಂದಳು. ಬೆಂಚಿನಲ್ಲಿದ್ದ ಏಳು ಜನ ಎದ್ದು ನಿಂತರು. ಅತ್ತೆ ಕೈ ಮುಗಿದರು. ನಾನು ಶೌಚಾಲಯಕ್ಕೆ ಹೋಗಿ ನಲ್ಲಿ ತಿರುಗಿಸಿ ಅತ್ತುಬಿಟ್ಟೆ.

ಹಳದಿ ಆಮೇಲೂ ಒಂದೆರಡು ದಿನ ಏರಿ, ಬೇಸರ ಬಂದವರ ಹಾಗೆ ನಿಧಾನವಾಗಿ ಇಳಿಯಿತು. ಮನೆಗೆ ಬರುವಾಗ ಇವರು ಅರ್ಧ ಆಗಿದ್ದರು. ಡಾಕ್ಟರ ಆನೆಯ ಕತೆಯನ್ನು ಹೇಳಿದೆ. ಗಮನ ಇಟ್ಟು ಕೇಳಿ, "ಅಷ್ಟು ಉದ್ದ ಯಾಕೆ? ಫುಟ್‌ವಾಲ್ವ್ ಹೋಗಿತ್ತು ಅನ್ನು," ಎಂದರು.

ಮನೆಗೆ ಬಂದ ಮೇಲೆ ಅತ್ತೆಯ ಕತೆ ಶುರುವಾಯಿತು. ನೋಡಲು ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದರು: "ಡಾಕ್ಟ್ರು ಕೈ ಬಿಟ್ಟಾಗಿತ್ತು. ಇವಳು ಧೈರ್ಯ ಮಾಡಿ ಒಳಗೆ ಹೋಗಿ ನಾಲ್ಕನೆಯದ್ದನ್ನು ತುಟಿಗೆ ಹಚ್ಚಿದಳು. ಮೂರನೆಯ ದಿನಕ್ಕೆ ಹೊಟ್ಟೆ ಬಿಟ್ಟಿತು." ಕೇಳಿದವರು ನನ್ನನ್ನು ಮೆಚ್ಚುಗೆಯಿಂದ ನೋಡುತ್ತಿದ್ದರು. ಜೀವಮಾನದಲ್ಲಿ ನನಗೆ ಸಿಕ್ಕಿದ ಅತಿ ದೊಡ್ಡ ಗೌರವ, ಮಾಡದೆ ಬಿಟ್ಟ ಕೆಲಸಕ್ಕೆ. ನಾನು ಚಹಾ ತರಲು ಒಳಗೆ ಹೋಗುತ್ತಿದ್ದೆ.

ನಿದ್ದೆ ಮಾತ್ರ ಬರಲಿಲ್ಲ. ಕಣ್ಣು ಮುಚ್ಚಿದರೆ ಮೊಣಕೈಯಲ್ಲಿ ಅತ್ತೆಯ ಬೆರಳು, ಬಾಯಿಯಲ್ಲಿ ಇಲ್ಲ ಎಂಬ ಆ ಎರಡಕ್ಷರ. ಎದ್ದು ಮೊಬೈಲಿನ ಟಾರ್ಚು ಹಾಕಿ ಇವರ ರೆಪ್ಪೆ ಎತ್ತಿ ನೋಡುತ್ತಿದ್ದೆ.

"ಬಿಡು ಮಾರಾಯ್ತಿ," ಎನ್ನುತ್ತಿದ್ದರು ಇವರು. "ಇಲಿಜ್ವರದಲ್ಲಿ ಉಳಿದವ ನಿನ್ನ ಟಾರ್ಚಿನಲ್ಲಿ ಸಾಯ್ತೇನೆ."

ನೀರು ಕುಡಿಯಲು ಎದ್ದರೆ ಅತ್ತೆಯ ಕೋಣೆಯ ಬಾಗಿಲು ತೆರೆದಿರುತ್ತಿತ್ತು. ಅವರೂ ಕುಳಿತೇ ಇರುತ್ತಿದ್ದರು. ನಾವು ಒಬ್ಬರನ್ನೊಬ್ಬರು ಕಂಡು ಏನೂ ಕೇಳುತ್ತಿರಲಿಲ್ಲ.

ಎರಡು ತಿಂಗಳು ಹೀಗೆ ಹೋಯಿತು. ಒಂದು ಬುಧವಾರ ಸಂಜೆ, ಓಮ್ನಿಯಲ್ಲಿ ನಮ್ಮನ್ನು ಪುತ್ತೂರಿಗೆ ಮುಟ್ಟಿಸಿದ್ದ ಪಕ್ಕದ ಮನೆಯವರ ಹೆಂಡತಿ ಬಂದಳು. ಅವಳ ಕಾಲೇಜಿಗೆ ಹೋಗುವ ಮಗಳ ಕಣ್ಣು ಬೆಳಿಗ್ಗೆಯಿಂದ ಹಳದಿ. "ಆ ಅಜ್ಜಿಯ ಮನೆ ಎಲ್ಲಿ ಅಂತ ಹೇಳಿ. ನಾಳೆ ಬೆಳಿಗ್ಗೆಯೇ ಹೋಗ್ತೇನೆ."

ಅತ್ತೆ ಉತ್ಸಾಹದಿಂದ ಮುಂದೆ ಸರಿದು ಕುಳಿತರು. "ಮೊದಲು ಕೇಳು. ದಾರಿಯಲ್ಲಿ ಬಾಯಿ ಬಿಡ್ಲಿಕ್ಕಿಲ್ಲ..."

"ನಾನು ಹಚ್ಚಲಿಲ್ಲ," ಎಂದೆ.

ಅತ್ತೆ ತಿರುಗಿದರು.

"ನಾಲ್ಕನೆಯದ್ದನ್ನು ನಾನು ಇವರಿಗೆ ಹಚ್ಚಲಿಲ್ಲ ಅತ್ತೆ. ಡಾಕ್ಟರ ಕೈಗೆ ಕೊಟ್ಟೆ. ಮೂರು ಕೊಟ್ಟದ್ದನ್ನೂ ಹೇಳಿದೆ."

ಅಡುಗೆಮನೆಯಲ್ಲಿ ಹಾಲು ಉಕ್ಕುವ ಸದ್ದಾಯಿತು. ಯಾರೂ ಏಳಲಿಲ್ಲ.

"ನನ್ನ ಹತ್ತಿರ ಹಚ್ಚಿದ್ದೇನೆ ಅಂದಿದ್ದಿ."

"ತಲೆ ಆಡಿಸಿದ್ದೆ."

"ತಲೆ ಆಡಿಸುದೂ ಹೇಳಿದ ಹಾಗೆಯೇ," ಎಂದರು ಅತ್ತೆ. ಅವರ ಮಾತು ಸರಿ ಇತ್ತು.

ಪಕ್ಕದ ಮನೆಯಾಕೆಗೆ ಹೇಳಿದೆ: "ಈಗಲೇ ಕಡಬಕ್ಕೆ ಕರೆದುಕೊಂಡು ಹೋಗಿ ರಕ್ತ ತೋರಿಸು. ಎಂತ ತಿಂದಿದ್ದಾಳೆ, ಎಂತ ಕುಡಿದಿದ್ದಾಳೆ ಎಲ್ಲ ಹೇಳು. ನಾನೂ ಬರ್ತೇನೆ."

ಅವಳು ಅತ್ತೆಯ ಮುಖ ನೋಡಿದಳು. ಕುರ್ಚಿಯಲ್ಲಿದ್ದ ಇವರು, "ಹೋಗು ತಂಗಿ. ನಾಲ್ಕು ದಿನ ಕಾದರೆ ನಿನ್ನ ಮಗಳೂ ನನ್ನ ಹಾಗೆ ಹೆಂಡತಿಗೆ ಬಹುವಚನ ಹಾಕುವ ಸ್ಥಿತಿಗೆ ಬಂದಾಳು," ಎಂದರು. ಜೋಕು ಅರ್ಥವಾಗದಿದ್ದರೂ ಅವಳು ಎದ್ದಳು.

ಹುಡುಗಿಗೆ ಇದ್ದದ್ದು ಕೆಟ್ಟ ನೀರಿನಿಂದ ಬರುವ ಸಾಮಾನ್ಯ ಜಾಂಡಿಸ್. ವಿಶ್ರಾಂತಿ ಮಾಡಿದರೆ ತಾನಾಗಿ ಇಳಿಯುತ್ತದೆ, ರಕ್ತವನ್ನು ಮಾತ್ರ ಮತ್ತೆ ನೋಡಬೇಕು ಎಂದರು. ಅಂದರೆ ಅಜ್ಜಿಯ ಉಂಡೆ ತಿಂದಿದ್ದರೂ ಅವಳು ಗುಣವಾಗುತ್ತಿದ್ದಳು, ಉಂಡೆಗೆ ಹೆಸರು ಬರುತ್ತಿತ್ತು. ಅತ್ತೆಯ ತಮ್ಮನ ಕತೆಯೂ ಇದೇ ಇರಬೇಕು. ಮನೆಗೆ ಬಂದು ವರದಿ ಒಪ್ಪಿಸಿದೆ.

ಅತ್ತೆ ಉಕ್ಕಿದ ಹಾಲಿನ ಒಲೆ ಒರೆಸುತ್ತಿದ್ದರು. "ನೋಡಿದಿಯಾ? ಅದಕ್ಕೆ ಅಜ್ಜಿಯ ಮದ್ದೇ ಸಾಕಿತ್ತು."

"ಹೌದತ್ತೆ."

"ಆದರೆ ಯಾವುದಕ್ಕೆ ಸಾಕು, ಯಾವುದಕ್ಕೆ ಸಾಲುದಿಲ್ಲ ಅಂತ ಕಣ್ಣು ನೋಡಿ ಗೊತ್ತಾಗುದಿಲ್ಲ." ಬಟ್ಟೆ ಹಿಂಡಿದರು. "ಡಾಕ್ಟ್ರ ಹತ್ತಿರ ನಿನ್ನಿಂದ ಇಲ್ಲ ಅಂತ ಹೇಳಿಸಿದ್ದು ನಾನೇ. ಮೊಣಕೈ ಹಿಡಿದದ್ದು ನೆನಪುಂಟು ನನಗೆ."

ನಾನು ತಳ ಹಿಡಿದ ಹಾಲಿನ ಪಾತ್ರೆಗೆ ನೀರು ಹಾಕಿದೆ. ಅವರು ಬಟ್ಟೆಯನ್ನು ಹಗ್ಗಕ್ಕೆ ಹಾಕಿ, "ಊಟಕ್ಕೆ ಬಡಿಸು," ಎಂದರು.

ಆ ರಾತ್ರಿ ಟಾರ್ಚು ಹಾಕಲು ಎಚ್ಚರವೇ ಆಗಲಿಲ್ಲ. ಕಣ್ಣು ಬಿಟ್ಟಾಗ ಬಿಸಿಲು ಗೋಡೆಯ ಅರ್ಧಕ್ಕೆ ಬಂದಿತ್ತು. ಇವರು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಅತ್ತೆಯ ಕೋಣೆಯ ಬಾಗಿಲು ಇನ್ನೂ ಮುಚ್ಚಿಯೇ ಇತ್ತು. ಗುರುವಾರ. ಏಳೂ ಇಪ್ಪತ್ತೈದರ ಬಸ್ಸು ಹೋಗಿಯಾಗಿತ್ತು.